ಉಮ್ಮು ಸಲ್ಮೀನ್ ಕುಡಿಯದ ಕಾಫಿ

…ಅಲ್ಲಮ್ಮ, ಇದಕ್ಕೂ ನಗಲ್ವಾ ನೀನು? ನಾಣ್ಯದ ಮೇಲೆ ನನ್ನ ಮೂಗು ಬಂತು ಅಂತಿದ್ದೀನಿ. ನನ್ನ ಮೂಗು! ಚಿಕ್ಕಂದಿನಲ್ಲಿ ಎಣ್ಣೆ ಹಚ್ಚಿ ಎಳೆದೂ ಎಳೆದೂ, ಈ ಮೂಗು ಕಟ್ಕೊಂಡು ಯಾವಳು ಸಂಸಾರ ಮಾಡ್ತಾಳೋ ಅಂತಿದ್ದೋಳು ನೀನೇ ತಾನೆ? ಈಗ ನೋಡು, ಇಡೀ ಸುಹೈರ ನಾಡು ಅದನ್ನ ಜೇಬಲ್ಲಿಟ್ಕೊಂಡು ಓಡಾಡುತ್ತೆ. ಟಂಕಸಾಲೆಯವನು ಮೊದಲ ನಮೂನೆ ತಂದಾಗ, 'ದೊರೆಗಳೇ, ಸ್ವಲ್ಪ ಚಿಕ್ಕದು ಮಾಡಿದ್ದೀವಿ' ಅಂದ. 'ಯಾಕೋ ಚಿಕ್ಕದು ಮಾಡಿದೆ?' ಅಂದೆ, ಸುಮ್ನೆ ತಮಾಷೆಗೆ. ಪಾಪ, ಮುಖ ಬಿಳಿಚಿಕೊಂಡ್ಬಿಡ್ತು. ಮಾರನೇ ದಿನ ಇನ್ನೊಂದು ತಂದ. ಅದರಲ್ಲಿ ಮೂಗು ನಾಣ್ಯದ ಅಂಚು ಮುಟ್ಟಿದೆ! ಅದನ್ನೇ ಒಪ್ಪಿಕೊಂಡೆ. ಅಮೀರನ ಮೂಗು, ಇರ್ಲಿ ಉದ್ದ.

ಕುಡಿಯಮ್ಮ, ಆರಿಹೋಗ್ತಿದೆ. ನೀನು ಬಂದಿದ್ದೀಯ ಅಂತ ಬಖೀತ್ ಕೇಸರಿ ಜಾಸ್ತಿ ಹಾಕಿ ತಂದಿದ್ದಾನೆ… ಹೂಂ, ಬಟ್ಟಲನ್ನ ನೆಲಕ್ಕೆ ಇಟ್ಬಿಟ್ಟಿದ್ದೀಯ. ಕಂಡೆ. ಇಟ್ಟಾಗಲೇ ಕಂಡೆ, ಕಾಣದೋನ ಥರ ಮೂಗಿನ ಕಥೆ ತೆಗೆದೆ. ಬಂದೋರು ಕಾಫಿ ಮುಟ್ಟದೆ ಮುಂದಿಟ್ಕೊಂಡು ಕೂತ್ರೆ ಏನರ್ಥ ಅಂತ ನಮ್ಮೂರಲ್ಲಿ ಒಂಟೆಗೂ ಗೊತ್ತು. ಏನೋ ಕೇಳೋದಿದೆ, ಕೊಟ್ಟೆ ಅಂತ ಮನೆಯವನು ಹೇಳೋವರೆಗೂ ತುಟಿಗೆ ಸೋಕಿಸಲ್ಲ. ಏನು ಬೇಕು ಅಂತ ಅವನು ಕೇಳೋವರೆಗೂ ಬಾಯೂ ಬಿಡಲ್ಲ. ಸರಿ. ನಾನು ಕೇಳಲ್ಲ, ಏನು ಮಾಡ್ತೀಯ? ನೀನು ಹಟ ಹಿಡಿದ್ರೆ ನಾನು ಹಿಡೀಬಾರ್ದಾ? ನಾನೂ ಅದೇ ಹಾಲು ಕುಡಿದವನು.

ಆ ಬತ್ತೂಲ ಬಿಚ್ಚಿಡಬಾರ್ದಾ? ಇಲ್ಲಿ ಪರಕೀಯ ಯಾರಿದ್ದಾರೆ? ಹಾಲು ಕೊಟ್ಟ ಮಗನ ಮುಂದೆ ಯಾವ ಮುಸುಕು? ಮೂಗೂ ಮುಚ್ಚಿ ಬಾಯೂ ಮುಚ್ಚಿ… ಆಗಲೂ ಅಷ್ಟೆ, ನೀನು ನಗ್ತಿದ್ದೀಯೋ ಸಿಟ್ಟಾಗಿದ್ದೀಯೋ ಅಂತ ಕಣ್ಣು ನೋಡಿ ಪತ್ತೆ ಹಚ್ಬೇಕಿತ್ತು. ನಾನೂ ಸಲ್ಮೀನೂ ಪಂದ್ಯ ಕಟ್ತಿದ್ವಿ. ಅವನೇ ಗೆಲ್ತಿದ್ದ. ಹೆತ್ತ ಮಗ ನೋಡು, ಅವನಿಗೆ ನಿನ್ನ ಕಣ್ಣು ಓದೋಕೆ ಬರ್ತಿತ್ತು.

ಹಾಗೆ ನೋಡ್ಬೇಡ. ಸಲ್ಮೀನ್ ಎಲ್ಲಿ ಅಂತ ತಾನೆ? ಬೇಟೆಗೆ ಕಳಿಸಿದ್ದೀನಿ ಅಂತ ಹೇಳಿ ಕಳಿಸಿದ್ನಲ್ಲ. ಪಡುವಣ ಮರಳಿಗೆ ಹೋಗಿದ್ದಾನೆ, ಗಿಡುಗ ತಗೊಂಡು. ಬರ್ತಾನೆ. ದುಡಿದು ದುಡಿದು ಸುಸ್ತಾಗಿದ್ದ, ನಾಲ್ಕು ದಿನ ಆರಾಮಾಗಿರ್ಲಿ ಅಂತ… ಅವನ ಮಾತು ಆಮೇಲೆ. ಮೊದಲು ನನ್ನ ಮಾತು ಕೇಳು. ಪಟ್ಟ ಆದಾಗಿಂದ ನನ್ನ ಜೊತೆ ಒಬ್ರೂ ಮನಸ್ಸು ಬಿಚ್ಚಿ ಮಾತಾಡಿಲ್ಲ ಕಣಮ್ಮ. ಎಲ್ರೂ ಹೌದು ದೊರೆಗಳೇ, ಹೌದು ದೊರೆಗಳೇ. ಮೊನ್ನೆ ಚಹಾ ಕುಡೀತಾ 'ಸಿಹಿ ಆಯ್ತು' ಅಂದೆ. ಅವತ್ತಿಂದ ಅರಮನೆಯಲ್ಲಿ ಯಾರ ಲೋಟಕ್ಕೂ ಸಕ್ಕರೆ ಬಿದ್ದಿಲ್ಲ! ಅಜ್ಜಿಯಂದಿರು ಕಹಿ ಚಹಾ ಕುಡಿದು ನನ್ನ ಆಯುಸ್ಸಿಗೆ ಹಾರೈಸ್ತಿದ್ದಾರೆ. ಕಿಟಕಿ ಹೊರಗೆ ಒಂದು ಗೊಬ್ಬಳಿ ಮರ ಇತ್ತಲ್ಲ, ಅದರ ಕಡೆ ನೋಡಿ ಹುಬ್ಬು ಗಂಟಿಕ್ಕಿದೆನಂತೆ. ಬಿಸಿಲಿಗಮ್ಮ, ಬಿಸಿಲು ಕಣ್ಣಿಗೆ ಹೊಡೀತು! ನಮಾಜು ಮುಗಿಸಿ ಬರೋ ಹೊತ್ತಿಗೆ ಮರ ಇಲ್ಲ. ಹೊಟ್ಟೆ ಹಿಡ್ಕೊಂಡು ನಕ್ಕೆ. ಒಂಥರಾ ಅಮಲು ಅದು. ಬಾಯಿ ತೆರೆಯೋದೇ ಬೇಡ, ಹುಬ್ಬು ಅಲ್ಲಾಡಿದ್ರೆ ಸಾಕು, ಊರೇ ಅಲ್ಲಾಡುತ್ತೆ.

ನಂಬೋಕಾಗುತ್ತಾ ನಿನಗೆ? ನಾನು, ಘಾನಿಂ! ತಾಯಿ ಹೆತ್ತು ಕಣ್ಣು ಮುಚ್ಚಿದಳು ಅಂತ ಬಟ್ಟೇಲಿ ಸುತ್ತಿ ನಿನ್ನ ಮಡಿಲಿಗೆ ತಂದು ಹಾಕಿದ್ದ ಕೂಸು. ಎಡಗಡೆ ಸಲ್ಮೀನ್, ಬಲಗಡೆ ನಾನು. ಅವನು ಸೊಂಪಾಗಿ ಬೆಳೆದ, ನಾನು ಮಾತ್ರ ಒಣಕಲಾಗಿ, ಬೆನ್ನು ಬಾಗಿ… ಅದಕ್ಕೇ ತಾನೆ ಸೀಗಡಿ ಅಂತ ಹೆಸರಿಟ್ಟಿದ್ದು? ಮೀನುಗಾರರ ಓಣಿ ತುಂಬಾ 'ಸೀಗಡಿ ಬಂದ, ಸೀಗಡಿ ಬಿದ್ದ'. ಅರಮನೆಗೆ ವಾಪಸ್ ಕರ್ಕೊಂಡು ಹೋದಾಗ ಅಣ್ಣಂದಿರು ಮೂಗು ಮುಚ್ಕೊಂಡ್ರು. ಮೀನು ನಾರ್ತಾನೆ, ಬೇರೆ ಚಾಪೆ ಹಾಕಿ ಅಂದ್ರು. ಈಗ ಅವರೆಲ್ಲ ಸಾಲಾಗಿ ಬಂದು ನನ್ನ ಭುಜಕ್ಕೆ ಮುತ್ತಿಡ್ತಾರಲ್ಲಮ್ಮ, ಆಗ ಮೆಲ್ಲಗೆ ಕೇಳೋಣ ಅನ್ಸುತ್ತೆ, ವಾಸನೆ ಹೇಗಿದೆ ಅಂತ.

ಆದ್ರೆ ಹೇಗೆ ಬಂದೆ ಹೇಳು ಇಲ್ಲಿಗೆ? ಕತ್ತಿಯಿಂದ ಅಲ್ಲ. ಕಿವಿಯಿಂದ! ನಮ್ಮಪ್ಪನ ಕಿವಿ. ದೇವರು ಅವರಿಗೆ ಸ್ವರ್ಗ ಕೊಡ್ಲಿ, ಆ ಕಿವಿ ಮಂದ ಆಗದೇ ಇದ್ದಿದ್ರೆ ನಾನು ಇವತ್ತೂ ಒಂಟೆ ಓಟದ ಮೈದಾನದಲ್ಲಿ ಬಹುಮಾನ ಹಂಚ್ಕೊಂಡು ಇರ್ತಿದ್ದೆ. ಅಣ್ಣಂದಿರಿಗೆ ಅಪ್ಪನ ಜೊತೆ ಕಿರುಚೋಕೆ ಬೇಜಾರು. ನಾನು ಹೋಗಿ ಮಗ್ಗುಲಲ್ಲಿ ಕೂತೆ. ಬಂದೋರು ಹೇಳಿದ್ದನ್ನ ಅಪ್ಪನ ಕಿವೀಲಿ ಹೇಳೋದು, ಅಷ್ಟೇ ಕೆಲಸ. ಮೊದಮೊದಲು ಹೇಳಿದ್ದನ್ನೇ ಹೇಳ್ತಿದ್ದೆ. ಆಮೇಲೆ… ಏನು ಹಾಗೆ ಕಣ್ಣು ಚಿಕ್ಕದು ಮಾಡ್ತೀಯ? ಸುಳ್ಳು ಹೇಳ್ಲಿಲ್ಲ. ಉದ್ದದ ಮಾತನ್ನ ಗಿಡ್ಡ ಮಾಡ್ದೆ, ಸಪ್ಪೆ ಇದ್ದದ್ದಕ್ಕೆ ಒಂಚೂರು ಉಪ್ಪು ಹಾಕ್ದೆ.

ಚಿಕ್ಕಪ್ಪ ದುಐಜ್ ಒಂದಿನ ಬಂದು ಕೂತ. ಪಟ್ಟ ತನಗೇ ಅಂತ ಆಗಲೇ ತೀರ್ಮಾನ ಮಾಡ್ಕೊಂಡಿದ್ದ ಅವನು. 'ಅಣ್ಣನ ಆರೋಗ್ಯ ಹೇಗಿದೆ, ಸ್ವಲ್ಪ ವಿಶ್ರಾಂತಿ ತಗೊಳ್ಳಿ' ಅಂದ, ಪಾಪ, ಪ್ರೀತಿಯಿಂದಲೇ ಅಂದ. ಅಪ್ಪ ಕಿವಿ ಬಗ್ಗಿಸಿದ್ರು, ಏನಂದ ಅಂತ. ನಾನಂದೆ, 'ಅಪ್ಪಾಜಿ, ಚಿಕ್ಕಪ್ಪ ಕೇಳ್ತಿದ್ದಾರೆ, ಇನ್ನೂ ಎಷ್ಟು ದಿನ ಅಂತ.' ಅಷ್ಟೇ! ಅಪ್ಪ ಕೈಲಿದ್ದ ಖರ್ಜೂರದ ತಟ್ಟೆ ಎತ್ತಿ ಬೀಸಿದ್ರು ನೋಡು… ಚಿಕ್ಕಪ್ಪನ ಗಡ್ಡದ ತುಂಬಾ ಖರ್ಜೂರ, ತಾನು ಏನು ತಪ್ಪು ಮಾಡ್ದೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆ ವಾರವೇ ನನ್ನನ್ನ ಯುವರಾಜ ಅಂತ ಸಾರಿದ್ರು. ಸಲ್ಮೀನಿಗೆ ಹೇಳ್ದಾಗ ನೆಲದ ಮೇಲೆ ಉರುಳಾಡಿ ನಕ್ಕಿದ್ದ. 'ಲೋ ಸೀಗಡಿ, ನಿನ್ನ ನಾಲಿಗೆ ಕುಯ್ದು ಉಪ್ಪಲ್ಲಿ ಹಾಕ್ಬೇಕು' ಅಂದ.

ನಿನ್ನ ಮಗನ ತಲೆ ಕಡಿಮೆಯಾ? ಅಪ್ಪ ಹೋದ ದಿನ ಅವನು ಮಾಡಿದ್ದು ನೆನೆಸ್ಕೊಂಡ್ರೆ ಈಗಲೂ ಮೈ ಜುಂ ಅನ್ನುತ್ತೆ. ಅಪ್ಪನ ಉಸಿರು ನಿಂತಿದೆ, ಒಳಗೆ ಹಿರಿಯರು ಇನ್ನೂ ನನ್ನ ಕೈ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಲ್ಲ, ಅಷ್ಟರಲ್ಲಿ ಸುದ್ದಿ ವಾಸನೆ ಹಿಡಿದು ಚಿಕ್ಕಪ್ಪ ಜೀಪು ತುಂಬಾ ಜನ ಕರ್ಕೊಂಡು ಅರಮನೆ ಬಾಗಿಲಿಗೆ ಬಂದ. ಬಾಗಿಲಲ್ಲಿ ಯಾರು? ಕಾವಲು ಪಡೆ ಮುಖ್ಯಸ್ಥ, ಸಲ್ಮೀನ್. ಒಂದು ಗುಂಡು ಹಾರಿಸ್ಲಿಲ್ಲ. ಕುರಿ ಕಡಿಸಿದ! 'ಅಮೀರರು ಮಲಗಿದ್ದಾರೆ, ಊಟದ ಹೊತ್ತಲ್ಲಿ ಬಂದ ದೊಡ್ಡೋರನ್ನ ಬರೀ ಹೊಟ್ಟೇಲಿ ನಿಲ್ಲಿಸಿದ್ರೆ ನನ್ನ ಮಾನ ಉಳಿಯುತ್ತಾ?' ಅಂತ ಕೈ ಹಿಡಿದು ಕೂರಿಸಿದ. ಇಡೀ ಕುರಿ, ಗುಡ್ಡದ ಹಾಗೆ ಅನ್ನ. ಚಿಕ್ಕಪ್ಪ ಏಳೋಕೆ ಹೋದಾಗೆಲ್ಲ ಸಲ್ಮೀನ್ ತಾನೇ ಮೃದು ಮಾಂಸ ಕಿತ್ತು ಮುಂದೆ ಹಾಕೋನು. ಬಡಿಸೋನು ಕೈ ಎತ್ತದೆ ಉಣ್ಣೋನು ಏಳೋದು ಹೇಗೆ? ಆಮೇಲೆ ಹಣ್ಣು, ಆಮೇಲೆ ಕಾಫಿ, ಆಮೇಲೆ ಇನ್ನೊಂದು ಕಾಫಿ. ಕೊನೆಗೆ ಧೂಪ ತಂದ, ಅಂದ್ರೆ ಇನ್ನು ಹೊರಡಿ ಅಂತ. ಗಡ್ಡಕ್ಕೆ ಧೂಪ ಹಾಕ್ಕೊಳ್ತಾ ಚಿಕ್ಕಪ್ಪ ಕೇಳಿದನಂತೆ, 'ಅಣ್ಣ ಎದ್ದನಾ?' ಅಂತ. ಸಲ್ಮೀನ್ ಹೇಳಿದನಂತೆ, 'ಇಲ್ಲ, ಆದ್ರೆ ಅಮೀರರು ಎದ್ದಿದ್ದಾರೆ.' ಅಷ್ಟು ಹೊತ್ತಿಗೆ ನಾನು ಅಮೀರ! ಒಂದು ಊಟದಲ್ಲಿ ರಾಜ್ಯ ಗೆದ್ದವರು ಪ್ರಪಂಚದಲ್ಲಿ ಬೇರೆ ಯಾರಿದ್ದಾರೆ ಹೇಳು. ಈಗ ಚಿಕ್ಕಪ್ಪ ಹೊರದೇಶದಲ್ಲಿ ಗುಲಾಬಿ ಬೆಳೆಸ್ತಾನೆ.

ಎಲ್ಲಿ ನೋಡ್ತಿದ್ದೀಯ? ಅಲ್ಲೇನಿದೆ… ಓ. ಗಿಡುಗ. ಹೌದು, ಸಲ್ಮೀನಂದೇ. ಆ ಕುತ್ತಿಗೆಯ ಬಿಳಿ ಮಚ್ಚೆ ನಿನಗೆ ಗುರುತು ಸಿಗದೇ ಇರುತ್ತಾ. ಮತ್ತೆ ಅವನು ಯಾವುದನ್ನ ತಗೊಂಡು ಬೇಟೆಗೆ ಹೋದ ಅಂತ ತಾನೆ? ಈ ಸೆಕೆಯಲ್ಲಿ, ಗರಿ ಉದುರೋ ಕಾಲದಲ್ಲಿ ಯಾವ ಬೇಟೆ ಅಂತ… ಸರಿ, ಸರಿ, ಸಿಕ್ಕಿಬಿದ್ದೆ. ನಿನ್ನ ಹತ್ರ ಸುಳ್ಳು ಹೇಳೋಕೆ ಯಾವತ್ತು ಬಂದಿದೆ ನನಗೆ? ಅವನ ಮೊಣಕಾಲು ನೋವಿತ್ತಲ್ಲ, ಹೊರದೇಶದ ಆಸ್ಪತ್ರೆಗೆ ಕಳಿಸಿದ್ದೀನಿ. ನಿನಗೆ ಹೇಳಿದ್ರೆ ಗಾಬರಿ ಆಗ್ತೀಯ ಅಂತ… ಒಳ್ಳೇ ಡಾಕ್ಟರು. ಹಿಮ ಬೀಳೋ ಊರು. ಫೋನು? ಅಲ್ಲಿ ಫೋನು ಬಿಡಲ್ವಂತೆ ಒಳಗೆ.

ಅದನ್ನೂ ನಂಬ್ಲಿಲ್ಲ. ಗೊತ್ತಾಯ್ತು ಬಿಡು.

ಹೋಗ್ಲಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ, ಬೈಬೇಡ. ಕೂಡಿಹಾಕಿದ್ದೀನಿ. ಹೌದು. ಹಾಯಾಗಿದ್ದಾನೆ, ತಣ್ಣಗಿನ ಕೋಣೆ, ಹೊತ್ತುಹೊತ್ತಿಗೆ ಊಟ. ಯಾಕೆ ಅಂತ ಕೇಳು. ಕೇಳಲ್ಲ, ಅಲ್ಲ? ನಾನೇ ಹೇಳ್ತೀನಿ. ಪಟ್ಟ ಆದ ಮೇಲೆ ಮೊದಲ ಮಜ್ಲಿಸ್. ಬುಡಕಟ್ಟಿನ ಹಿರಿಯರೆಲ್ಲ ಬಂದಿದ್ದಾರೆ, ಮರಳುಗಾಡಿನ ಆ ತುದಿಯಿಂದ. ನಾನು ಅಪ್ಪನ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತಿದ್ದೀನಿ. ಸಲ್ಮೀನ್ ಒಳಗೆ ಬಂದ, ಭುಜಕ್ಕೆ ಮುತ್ತಿಟ್ಟ, ಇಟ್ಟು… 'ನೆಟ್ಟಗೆ ಕೂತಿದ್ದೀಯಲ್ಲೋ ಸೀಗಡಿ' ಅಂದ. ಮೆಲ್ಲಗೆ ಅಂದೆ ಅಂದ್ಕೊಂಡಿದ್ದ ಅವನು. ಅವನ ಗಂಟಲು ನಿನಗೆ ಗೊತ್ತಲ್ಲ, ದೋಣಿಯಿಂದ ದೋಣಿಗೆ ಕೂಗಿ ಬೆಳೆದದ್ದು. ಇಡೀ ಮಜ್ಲಿಸ್ ನಕ್ತು. ನಾನೂ ನಕ್ಕೆ! ಎಲ್ರಿಗಿಂತ ಜೋರಾಗಿ ನಕ್ಕೆ. ಆದ್ರೆ ಮಾರನೇ ದಿನ ಸಂತೆಯಲ್ಲಿ ಸೀಗಡಿ ಮಾರೋರೆಲ್ಲ 'ಬನ್ನಿ, ಅಮೀರರು ತಾಜಾ ಇದ್ದಾರೆ' ಅಂತ ಕೂಗ್ತಿದ್ರಂತೆ. ಇನ್ನೊಬ್ಬ ಹೇಳ್ತಾನೆ, ಕುರಿ ಕಡಿಸಿ ಸೀಗಡೀನ ಪಟ್ಟಕ್ಕೆ ಕೂರಿಸಿದ್ದು ಸಲ್ಮೀನ್ ಅಂತ. ಉರೀತಮ್ಮ ನನಗೆ, ಸುಳ್ಳು ಯಾಕೆ ಹೇಳ್ಲಿ. ಚಾಪೆ ಬೇರೆ ಹಾಕಿದ್ರಲ್ಲ, ಅವತ್ತಿನಷ್ಟೇ ಉರೀತು. ಅದಕ್ಕೇ ಸ್ವಲ್ಪ ದಿನ… ಅಣ್ಣತಮ್ಮಂದಿರ ಜಗಳ ಅಂದ್ಕೋ. ನಮ್ಮಿಬ್ಬರನ್ನ ನೀನು ಕೋಳಿ ಗೂಡಲ್ಲಿ ಕೂಡಿಹಾಕ್ತಿರ್ಲಿಲ್ವಾ?

ಏನೋ ಬಖೀತ್, ಬಾಗಿಲ ಹತ್ರ ಏನು ಪಿಸಿಪಿಸಿ? ಹೊರಗೆ ಹಿರಿಯರು ಕಾಯ್ತಿದ್ದಾರಾ? ಏನಂತಾರೆ? … ಕೇಳಿದ್ಯಾ ಅಮ್ಮ? ಅಮೀರರ ಮನೇಲಿ ಕಾಫಿ ಆರ್ತಿದೆಯಂತೆ ಅಂತ ಮಾತಾಡ್ಕೊಳ್ತಿದ್ದಾರಂತೆ. ಹೆತ್ತ ತಾಯಿಗೆ ಸಮಾನಳಾದವಳ ಬಟ್ಟಲೇ ಹಾಗೇ ಇದ್ರೆ ನಮ್ಮ ಗತಿ ಏನು ಅಂತ. ಅಪ್ಪನ ಕಾಲದಲ್ಲಿ ಒಂದು ಬಟ್ಟಲೂ ಆರಿದ್ದಿಲ್ಲವಂತೆ.

ಗೆದ್ದೆಯಮ್ಮ ನೀನು. ಸೋತೆ ನಾನು, ಖುಷಿಯಿಂದ ಸೋತೆ! ಬಖೀತ್, ಬಾಗಿಲು ತೆಗಿ. ಎರಡೂ ಕದ ತೆಗಿ. ಹಿರಿಯರೇ, ಕೇಳಿಸಿಕೊಳ್ಳಿ. ಇವಳು ಉಮ್ಮು ಸಲ್ಮೀನ್, ನನಗೆ ಹಾಲು ಕೊಟ್ಟ ತಾಯಿ. ನನ್ನ ಮನೆಯಲ್ಲಿ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಾಳೆ. ಇವಳು ಏನು ಕೇಳಿದರೂ ಕೊಟ್ಟೆ. ಭೂಮಿ ಕೇಳಲಿ, ಅರಮನೆ ಕೇಳಲಿ, ನನ್ನ ತಲೆಯನ್ನೇ ಕೇಳಲಿ, ಕೊಟ್ಟೆ! ದೇವರು ಸಾಕ್ಷಿ, ನೀವು ಸಾಕ್ಷಿ.

ಹೇಗಿತ್ತು? ನೋಡು ಹೇಗೆ ತಲೆದೂಗ್ತಿದ್ದಾರೆ. ಆ ಮೂಲೆಯ ಮುದುಕನ ಕಣ್ಣಲ್ಲಿ ನೀರು ಬಂತು. ಈಗ ಕುಡಿ. ಸಲ್ಮೀನ್ ತಾನೆ ನಿನಗೆ ಬೇಕಾಗಿದ್ದು? ಬಿಟ್ಟೆ. ಮಗ್ರಿಬ್ ನಮಾಜಿನ ಹೊತ್ತಿಗೆ ನಿನ್ನ ಬಾಗಿಲಲ್ಲಿ ಇರ್ತಾನೆ. ಹರೀಸ್ ಮಾಡಿಡು, ತುಪ್ಪ ಜಾಸ್ತಿ ಹಾಕು. ಕುಡಿ.

ಕುಡಿಯಮ್ಮ, ಬಿಟ್ಟೆ ಅಂದ್ನಲ್ಲ.

ಕೇಳಿಸ್ತಾ? ನಿನ್ನ ಮಗ ಸಂಜೆ ಮನೆಗೆ ಬರ್ತಾನೆ ಅಂತಿದ್ದೀನಿ. ಎದ್ದು ನನ್ನ ತಲೆ ಸವರ್ಬೇಕಿತ್ತು ನೀನು. ಕೈಯಾದ್ರೂ ಅಲ್ಲಾಡ್ಬೇಕಿತ್ತು. ಮಗ ಬರ್ತಾನೆ ಅಂದ್ರೆ ಯಾವ ತಾಯಿ ಹೀಗೆ… ಹೀಗೆ ನೋಡ್ಕೊಂಡು…

ಯಾರು ಹೇಳಿದ್ರು ನಿನಗೆ?

ಹೆಣದ ಮೈ ತೊಳೆದ ಮುದುಕನಾ? ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿದ್ದ. ಅಮ್ಮ, ಮೆಲ್ಲಗೆ ಹೇಳ್ತೀನಿ ಕೇಳು. ಅವನಿಗೆ ಬುದ್ಧಿ ಕಲಿಸಿ ಅಂತ ಸೆರೆಮನೆಯೋರಿಗೆ ಅಂದಿದ್ದೆ. ಅಷ್ಟೇ ನಾನಂದಿದ್ದು. ಬೆಳಗ್ಗೆ ಬಂದು, ಆಯ್ತು ದೊರೆಗಳೇ ಅಂದ್ರು, ನಗ್ತಾ ಅಂದ್ರು, ನನಗೆ ಸಂತೋಷ ಆಗುತ್ತೆ ಅಂತ ಅಂದ್ಕೊಂಡಿದ್ರು. ಅತ್ತೆ ಕಣಮ್ಮ. ಒಳಗೆ ಚಿಲಕ ಹಾಕ್ಕೊಂಡು ಅತ್ತೆ, ಅವನ ಹೆಸರು ಹಿಡಿದು ಅತ್ತೆ. ಹೆಣದ ಬಟ್ಟೆಗೆ ಅತ್ತರು ನಾನೇ ಹಚ್ಚಿದ್ದು. ಎಲ್ಲಿ ಮಣ್ಣು ಮಾಡಿದ್ದೀವಿ ಅಂತ ತೋರಿಸ್ತೀನಿ, ನಾಳೆಯೇ, ನಾನೇ ಕರ್ಕೊಂಡು ಹೋಗ್ತೀನಿ.

ಆ ಕಡೆ ತಿರುಗ್ಬೇಡ. ಬಾಗಿಲು ತೆರೆದಿದೆ. ಎಲ್ರೂ ನಿನ್ನ ಬಟ್ಟಲನ್ನೇ ನೋಡ್ತಿದ್ದಾರೆ. ಕೊಲೆಯಾದವನ ತಾಯಿ ಪ್ರಾಣಕ್ಕೆ ಪ್ರಾಣ ಕೇಳಬಹುದು ಅಂತ ಅವರಿಗೂ ಗೊತ್ತು, ನಾನು ಏನು ಕೊಟ್ಟೆ ಅಂದೆ ಅನ್ನೋದಕ್ಕೂ ಅವರೇ ಸಾಕ್ಷಿ. ಕೂತ್ಕೋ. ನಿನ್ನ ದಮ್ಮಯ್ಯ. ಇಷ್ಟು ಹೊತ್ತು ಸುಮ್ಮನಿದ್ದೆಯಲ್ಲ, ಈಗ ಮಾತ್ರ ಬಾಯಿ ಬಿಡಬೇಡಮ್ಮ.