ಮೊದಲ ಮರ್ಯಾದೆ ಅಳಿಯನಿಗೆ

ಕೊಯ್ಲು ಮುಗಿದು ಹೊಸ ಗೋಧಿ ಬೀಸಿಸುವ ದಿನಗಳು. ಗಿರಣಿಯ ಮುಂದೆ ಸರದಿಗಾಗಿ ಕಾಯುತ್ತ ನನ್ನ ಚೀಲದ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕಳ್ಳಮಾಲು ಸಾಗಿಸುವ ಮನೆತನದ ಯಜಮಾನರು ನಿಂತಿದ್ದರು. ಊರವರ ಬಾಯಲ್ಲಿ ಅವರು 'ದೊಡ್ಡವರು'. ಜೊತೆಗೆ ಅವರ ಅಳಿಯ. ಅವರ ಗೋಧಿ ಬೀಸಿ ಆಗಿತ್ತು. ಕಾರು ರಸ್ತೆಯಾಚೆ ಇತ್ತು.

"ಹೋಗಿ ಅಳಿಯಂದಿರೇ, ಕಾರು ಸ್ಟಾರ್ಟ್ ಮಾಡಿ. ನಾನು ಇಲ್ಲೇ ಇರ್ತೀನಿ."

"ಮದುವೆಯಾಗಿ ಮೂರು ವರ್ಷ ಆಯ್ತು ಮಾವ. ಇನ್ನೂ ನನ್ನ ಮೇಲೆ ನಂಬಿಕೆ ಬಂದಿಲ್ವಾ?"

"ನಂಬದವರ ಕೈಗೆ ಯಾರಾದ್ರೂ ಕೀ ಕೊಡ್ತಾರಾ?"

"ಕೀ ಕೊಟ್ಟು ನೀವು ಗೋಡೆ ಹಿಂದೆ ನಿಲ್ತೀರಿ."

"ಬಿಸಿಲು."

"ಕಿವಿ ಯಾಕೆ ಮುಚ್ಕೋತೀರಿ?"

"ಗಾಳಿ."

"ನಿಮ್ಮ ತಮ್ಮನ ಕಾರಿಗೆ ಬಾಂಬ್ ಇಟ್ಟೋರು ಇನ್ನೂ ಸಿಕ್ಕಿಲ್ಲ. ಒಂದು ದಿನ ನಿಮ್ಮ ಮಗನೂ ಸ್ಟಾರ್ಟ್ ಮಾಡ್ಲಿ."

"ಅವನು ಮನೆಮಗ. ನಮ್ಮಲ್ಲಿ ಮೊದಲ ಮರ್ಯಾದೆ ಅಳಿಯನಿಗೆ. ಊಟದಲ್ಲೂ ಮೊದಲ ತುತ್ತು ನಿಮ್ಮದೇ ಅಲ್ವಾ?"

"ಅದನ್ನ ನುಂಗೋ ತನಕ ಎಲ್ರೂ ನನ್ನ ಮುಖಾನೇ ನೋಡ್ತೀರಿ."

"ಪ್ರೀತಿ ಕಣ್ರೀ."

ಅಳಿಯ ನಿಟ್ಟುಸಿರಿಟ್ಟ. "ಆಯ್ತು, ಹೋಗ್ತೀನಿ. ಕಾರಲ್ಲಿ ನಿಮ್ಮ ಮಗಳೂ ಕೂತಿದ್ದಾಳೆ. ಇವತ್ತಿಂದ ಸ್ಟಾರ್ಟ್ ಮಾಡುವಾಗ ನಾನೂ ಪಕ್ಕದಲ್ಲೇ ಇರ್ತೀನಿ ಅಂತ ಹಟ ಹಿಡಿದಳು."

ದೊಡ್ಡವರು ಕಣ್ಣು ಕಿರಿದು ಮಾಡಿ ಕಾರಿನತ್ತ ನೋಡಿದರು.

"ಯಾರು ಹೇಳಿಕೊಟ್ರು ಅವಳಿಗೆ?"

"ನಮ್ಮತ್ತೆ, ನಿಮ್ಮ ಮನೆಯವರೇ."

ದೊಡ್ಡವರು ಅಳಿಯನ ಮುಂದೆ ಕೈ ಚಾಚಿದರು.

"ಕೀ ಇಲ್ಲಿ ಕೊಡಿ. ಅವಳನ್ನ ಇಳಿಸ್ಕೊಂಡು ಬನ್ನಿ. ನಡೆದೇ ಹೋಗೋಣ, ಕಾಲಿಗೂ ಒಳ್ಳೇದು."

ಅಳಿಯ ಹಿಟ್ಟಿನ ಚೀಲ ಹೊತ್ತು ಮುಂದೆ ನಡೆದ. ಮಗಳು ಕಾರಿಳಿದು ಗಂಡನ ಪಕ್ಕಕ್ಕೆ ಬಂದಳು. ದೊಡ್ಡವರು ಹತ್ತು ಹೆಜ್ಜೆ ಹಿಂದೆ ಉಳಿದು, ತಮ್ಮ ಹತ್ತಿರ ಬಾ ಅಂತ ಮಗಳನ್ನು ಎರಡು ಸಲ ಕೂಗಿದರು. ಅವಳು ತಿರುಗಲಿಲ್ಲ. ಆಮೇಲೆ ಬೇಗ ಬೇಗ ಹೆಜ್ಜೆ ಹಾಕಿ ಅವರಿಬ್ಬರ ಜೊತೆ ಸೇರಿಕೊಂಡರು.