ಗುರವ್ವನ ಶೇಂಗಾ ಚಟ್ನಿ

ಬೇರೆಯವರ ಮಾತು ಕದ್ದು ಕೇಳಿ ಬರೆಯುವುದು ಸಭ್ಯತೆಯಲ್ಲ. ಬಾಗೇವಾಡಿ ಬಸ್ ನಿಲ್ದಾಣದ ಮಾತಿದು, ಓದುವವರು ಕ್ಷಮಿಸಬೇಕು.

ಗುರವ್ವ ಬೆಂಚಿನ ಮೇಲೆ ಕುಳಿತು ಬೆವರುತ್ತಿದ್ದಳು. ಹೋದ ವಾರ ಇಂಡಿ ಪಟ್ಟಣದ ಆಹಾರ ಮೇಳದಲ್ಲಿ ಅವಳ ಶೇಂಗಾ ಚಟ್ನಿಗೆ ಮೊದಲ ಬಹುಮಾನ ಬಂದಿತ್ತು. ಇಂದು ಅದನ್ನು ಅಲ್ಲಿಯ ವೇದಿಕೆಯ ಮೇಲೆ ಎಲ್ಲರೆದುರು ಕುಟ್ಟಿ ತೋರಿಸಬೇಕಂತೆ. ಪಕ್ಕದಲ್ಲಿ ನೆರೆಮನೆಯ ಅಖ್ತರಬೇಗಂ ಎಲೆ ಅಡಿಕೆ ಅಗಿಯುತ್ತಿದ್ದಳು.

“ಅಖ್ತರಕ್ಕಾ, ಚಟ್ನಿ ಕುಟ್ಟೂಮುಂದ ಒಳ್ಳಿನ್ಯಾಗ ಮೊದ್ಲ ಏನ್ ಹಾಕ್ತಾರ?”

“ಈಗ ಕೇಳ್ತೀ ಏನವಾ! ಮೂವತ್ತು ವರ್ಷ ನಾ ಕುಟ್ಟಿದ್ದು ಒಯ್ದು ನಿನ್ನ ಡಬ್ಬಿಗೆ ಸುರುವಿಕೊಂಡಿ.”

“ಎಲ್ಲಾರ ಮುಂದ ಖರೇ ಹೇಳಿಬಿಡ್ಲೇನು?”

“ಹೇಳು. ನಾ ಬ್ಯಾಡಂದೇನೇನು?”

“ಮಂದಿಗೆ ಹೇಳಬಹುದು. ನಮ್ಮವರಿಗೆ ಹೆಂಗ ಹೇಳ್ಲಿ? ಉಣ್ಣೂಮುಂದ ದಿನಾ ‘ನಿನ್ನ ಕೈಗುಣ ಚಲೋ ಐತಿ’ ಅಂತಾರ. ನಾ ನಕ್ಕೊಂತ ಕುಂಡ್ರತೇನಿ.”

ಅಖ್ತರಬೇಗಂ ಅಗಿಯುವುದನ್ನು ನಿಲ್ಲಿಸಿದಳು.

“ನಿನ್ನ ಗಂಡ ಬಸಂತರಾಯರಿಗೆ ಗೊತ್ತೈತಿ.”

“ಏನು?”

“ಹೊಲಕ್ಕ ಹೊಂಟಾಗ ನಮ್ಮ ಬಾಗಲದಾಗ ನಿಂತು, ‘ಅಕ್ಕಾರ, ಈ ಸಲ ಬಳ್ಳೊಳ್ಳಿ ಜರಾ ಕಡಿಮಿ ಹಾಕ್ರಿ’ ಅಂತಾರ.”

“ಯಾವಾಗಿಂದ?”

“ನಮ್ಮ ಸಾಹಿಲ ಅಂಬೆಗಾಲಿಡೂ ಕಾಲದಿಂದ. ಈಗ ಅವನ ಮಗ ಸಾಲಿಗೆ ಹೊಂಟಾನ.”

ಗುರವ್ವನ ಮುಖ ಕೆಂಪಾಯಿತು.

“ಇಷ್ಟು ವರ್ಷ ಸುಳ್ಳ ಹೊಗಳ್ಯಾರ ನೋಡು, ಆ ಮನಷ್ಯಾ!”

“ನೀನೂ ಸುಳ್ಳ ನಕ್ಕೀದಿ. ಜೋಡಿ ಚಲೋ ಕೂಡೇತಿ.”

“ಗೊತ್ತಿದ್ದೂ ಮ್ಯಾಳಕ್ಕ ನನ್ನ ಹೆಸರು ಯಾಕ ಬರಸಿದ್ರು?”

“ಅದನ್ನ ಅವರನ್ನ ಕೇಳು.”

ಇಂಡಿಗೆ ಹೋಗುವ ಬಸ್ ಬಂತು. ಗುರವ್ವ ಅವಳ ಕೈ ಹಿಡಿದು ಎಳೆದಳು.

“ಏಳು. ಒನಕಿ ನೀ ಹಿಡಿ, ಮೈಕ್ ನಾ ಹಿಡೀತೇನಿ.”

ಇಬ್ಬರೂ ಬಸ್ ಹತ್ತಿದರು. ಮೈಕ್ ಹಿಡಿದು ಗುರವ್ವ ಏನು ಹೇಳಿದಳೋ, ಗೊತ್ತಿಲ್ಲ.