ಇಳಿಯೋರಿಗೆ ಜಾಗ

೧೯೯೧ರ ಒಂದು ಸಂಜೆ, ಮುಂಬೈಯ ಕಾಂದಿವಲಿ ಸ್ಟೇಷನ್. ವಿರಾರ್ ಕಡೆಯ ಲೋಕಲ್‌ಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲೇ ಕಂಪ್ಯೂಟರ್ ಕಂಪನಿಯೊಂದರ ಇಬ್ಬರು ಕನ್ನಡದಲ್ಲಿ ಜಗಳ ತೆಗೆದಿದ್ದರು: ವಿಮಲಾ, ಮತ್ತು ಅವಳ ಸೀನಿಯರ್ ಹಿರಿಯಣ್ಣ.

"ಕಸ್ಟಮರ್ ಎದುರಿಗೆ ಮೆಷಿನ್ ನಿಂತುಹೋಯ್ತು, ಬೈಸಿಕೊಂಡಿದ್ದು ನಾನು ಸಾರ್!"

"ನೀನು ಅಷ್ಟು ಕೆಲಸ ಹೇರಿದ್ರೆ ಮೆಮೊರಿ ತುಂಬದೆ ಇರುತ್ತಾ?"

"ತುಂಬಲಿ! ತುಂಬಿದಾಗ ಸಿಸ್ಟಮ್ ಅದರಲ್ಲಿರೋ ಹಳೇದನ್ನ ಡಿಸ್ಕಿಗೆ ಬರೆಸಿ ಜಾಗ ಮಾಡ್ಕೊಳ್ಳುತ್ತೆ. ಬರೆಯೋದು ಯಾರು?"

"ನನ್ನ ಡ್ರೈವರ್, ಡಿಸ್ಕ್ ನಡೆಸೋ ಪ್ರೋಗ್ರಾಮು."

"ಸಿಸ್ಟಮ್ ಒಳಗಿದ್ದ ಅದನ್ನ ಹೊರಗೆ ತಂದು ಸಾದಾ ಪ್ರೋಗ್ರಾಮ್ ಮಾಡಿದ್ರಿ. ಡಿಸ್ಕಿಗೆ ಬರಿ ಅಂದ್ರೆ ಅದೇನು ಮಾಡ್ತು?"

"ಬರೆಯೋಕೆ ಒಂಚೂರು ಮೆಮೊರಿ ಕೇಳ್ತು."

"ಎಲ್ಲ ತುಂಬಿಹೋಗಿರೋ ಹೊತ್ತಲ್ಲಿ! ಅದು ಬರೆಯೋ ತನಕ ಜಾಗ ಇಲ್ಲ, ಜಾಗ ಸಿಗೋ ತನಕ ಅದು ಬರೆಯಲ್ಲ."

"ಎಲ್ಲ ಪ್ರೋಗ್ರಾಮೂ ಕೇಳೋ ಹಾಗೇ ಕೇಳಿದೆ ಕಣಮ್ಮ."

"ಇದು ಎಲ್ಲದರ ಹಾಗಲ್ಲ! ಶುರುವಿಗೇ ತನಗೆ ಬೇಕಾದಷ್ಟನ್ನ ತೆಗೆದಿಟ್ಟುಕೊಂಡಿರಬೇಕು, ಆಮೇಲೆ ಕೇಳಲೇಬಾರದು. ಎಷ್ಟು ಸಲ ಹೇಳಿದ್ದೆ?"

"ಸರಿ, ಹಾಗೇ ಬದಲಾಯಿಸ್ತೀನಿ."

"ತಪ್ಪು ವಿಮಲಂದಲ್ಲ ಅಂತ ನಾಳೆ ಸಾಹೇಬರಿಗೂ ಹೇಳ್ತೀರಾ?"

ಅಷ್ಟರಲ್ಲಿ ಲೋಕಲ್ ಬಂತು. ಯಾರೂ ಇಳಿಯುವ ಮುಂಚೆಯೇ ಹಿರಿಯಣ್ಣ ಬಾಗಿಲಿಗೆ ನುಗ್ಗಿದರು. ಒಳಗಿನವರಿಗೆ ಹೊರಗೆ ಬರಲಾಗಲಿಲ್ಲ, ಇವರಿಗೆ ಒಳಗೆ ಹೋಗಲಾಗಲಿಲ್ಲ.

ಲೇಡೀಸ್ ಡಬ್ಬಿಯತ್ತ ಓಡುತ್ತಿದ್ದ ವಿಮಲಾ ತಿರುಗಿ ಕೂಗಿದಳು:

"ಇದಕ್ಕೂ ನಾನೇ ಕಾರಣಾನಾ ಸಾರ್?"